ಸೈಕಲ್ ಬಂತು, ಮನೆಯಲ್ಲಿ ಉಳಿದದ್ದು ಯಾವ ಗಾಡಿ?

ಸೈಕಲ್ಲಿಗೆ ಮೋಟಾರು ಬಂದರೆ ಜನ ಮೈಗಳ್ಳರಾಗುತ್ತಾರೆ ಎಂಬ ಗುಮಾನಿ ಹಲವರಿಗಿದೆ. ನಾರ್ವೆಯ ಆಸ್ಲೋದಲ್ಲಿ ಕಂಡದ್ದು ಬೇರೆ. ಏರುತಗ್ಗಿನ ಆ ಊರಿನಲ್ಲಿ ಎಲೆಕ್ಟ್ರಿಕ್ ಸೈಕಲ್ ಕೊಂಡವರ ಓಡಾಟವನ್ನು ಕೊಳ್ಳುವ ಮುಂಚೆಯೂ ಆಮೇಲೂ ಅಳೆದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ದಿನಕ್ಕೆ ಸರಾಸರಿ 2.1 ಕಿ.ಮೀ. ಸೈಕಲ್ ತುಳಿಯುತ್ತಿದ್ದವರು 9.2 ಕಿ.ಮೀ. ತುಳಿಯತೊಡಗಿದ್ದರು. ಅವರ ಒಟ್ಟು ಪ್ರಯಾಣದಲ್ಲಿ ಸೈಕಲ್ಲಿನ ಪಾಲು ಶೇ. 17ರಿಂದ 49ಕ್ಕೆ ಏರಿತ್ತು. ಕಾಸು ಕೊಟ್ಟು ಕೊಂಡವರು ಮೊದಲೇ ಮನಸ್ಸು ಮಾಡಿದವರು, ಊರಿಗೆ ಊರೇ ಹೀಗೆ ಬದಲಾಗುತ್ತದೆ ಎನ್ನಲಾಗದು. ಆದರೂ ಸಣ್ಣ ಜಿಗಿತವಲ್ಲ.

ಕಾರಣ ಯಂತ್ರದಲ್ಲೇ ಇದೆ. ಯುರೋಪಿನ ನಿಯಮದಂತೆ ಮೋಟಾರು 250 ವ್ಯಾಟ್ ಮೀರುವಂತಿಲ್ಲ. ತುಳಿದರಷ್ಟೇ ನೆರವು, ವೇಗ ಗಂಟೆಗೆ 25 ಕಿ.ಮೀ. ಮುಟ್ಟಿದರೆ ಅದೂ ಬಂದ್. ಸಾಮಾನ್ಯ ಮನುಷ್ಯ ಬಹಳ ಹೊತ್ತು ತುಳಿಯಬಲ್ಲದ್ದು ಸುಮಾರು 75–100 ವ್ಯಾಟ್ ಬಲದಲ್ಲಿ. ಒಳ್ಳೆಯ ಸೈಕಲ್‌ಗಳಲ್ಲಿ ಪೆಡಲಿನ ಬಳಿಯ ಸೆನ್ಸರ್ ಕಾಲಿನ ಒತ್ತಡವನ್ನು ಅಳೆಯುತ್ತದೆ. ಏರಿನಲ್ಲಿ ಕಾಲು ಬಲವಾಗಿ ಒತ್ತಿದಷ್ಟೂ ಮೋಟಾರು ಕೈಜೋಡಿಸುತ್ತದೆ. ಬೆವರು ಸುರಿಸದೆ ಆಫೀಸು ಮುಟ್ಟಬಹುದಾದರೆ ಎಂಟು ಕಿಲೋಮೀಟರ್ ದೂರ ಅನ್ನಿಸುವುದಿಲ್ಲ.

ಹೊಗೆಯ ಲೆಕ್ಕವನ್ನು ನಮ್ಮ ವಿದ್ಯುತ್ತಿನಲ್ಲೇ ಹಾಕೋಣ. ಒಂದು ಯೂನಿಟ್‌ನಲ್ಲಿ ಇಂಥ ಸೈಕಲ್ ಹೆಚ್ಚುಕಡಿಮೆ 100 ಕಿ.ಮೀ. ಓಡುತ್ತದೆ. ಕಲ್ಲಿದ್ದಲನ್ನೇ ಹೆಚ್ಚು ನೆಚ್ಚಿದ ಭಾರತದಲ್ಲಿ ಒಂದು ಯೂನಿಟ್‌ಗೆ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡ್, ಅಂದರೆ ಕಿ.ಮೀ.ಗೆ 7 ಗ್ರಾಂ. ಒಂದು ಲೀಟರ್ ಪೆಟ್ರೋಲ್ ಉರಿದರೆ 2.3 ಕಿಲೋ. ಲೀಟರಿಗೆ 45 ಕಿ.ಮೀ. ಕೊಡುವ ಸ್ಕೂಟರಿಗೆ ಕಿ.ಮೀ.ಗೆ 50 ಗ್ರಾಂ, 15 ಕೊಡುವ ಕಾರಿಗೆ 150 ಗ್ರಾಂ ಬೀಳುತ್ತದೆ.

ಅಷ್ಟಕ್ಕೇ ಹಿಗ್ಗುವಂತಿಲ್ಲ. ಚೀನಾದ ಕುನ್ಮಿಂಗ್‌ನಲ್ಲಿ ನಡೆದ ಸಮೀಕ್ಷೆಗಳಲ್ಲಿ, ಎಲೆಕ್ಟ್ರಿಕ್ ಬೈಕ್ ಹತ್ತಿದವರಲ್ಲಿ ಹೆಚ್ಚಿನವರು ಬಿಟ್ಟುಬಂದದ್ದು ಕಾರನ್ನಲ್ಲ, ಬಸ್ಸನ್ನು. (ಅಲ್ಲಿ ಪೆಡಲ್ ಹೆಸರಿಗಷ್ಟೇ ಇರುವ, ಸ್ಕೂಟರಿನಂಥವೂ ಬಹಳ.) ಒಂದು ಸೀಟು ಖಾಲಿಯಾದ ಮಾತ್ರಕ್ಕೆ ಬಸ್ಸಿನ ಡೀಸೆಲ್ ಉಳಿಯದು. ಮೇಲಾಗಿ, ಅಲ್ಲಿ ಬಹುಕಾಲ ಬಳಕೆಯಲ್ಲಿದ್ದ ಸೀಸದ ಬ್ಯಾಟರಿಗಳ ತಯಾರಿಕೆ, ಮರುಬಳಕೆಗಳಿಂದ ನೆಲ–ನೀರಿಗೆ ಸೀಸ ಸೇರಿತು. ಇಷ್ಟಾದರೂ ನನಗೆ ಕುನ್ಮಿಂಗ್‌ನದು ಪೂರ್ತಿ ಸೋಲು ಅನ್ನಿಸುವುದಿಲ್ಲ: ಬಸ್ಸಿನಿಂದ ಕಾರಿಗೆ ಜಿಗಿಯಬಹುದಾಗಿದ್ದ ಕೆಲವರು ಈ ಬೈಕಿನಲ್ಲೇ ನಿಂತರು.

ಈಗಿನ ಅರ್ಧ ಯೂನಿಟ್ ಲಿಥಿಯಂ ಬ್ಯಾಟರಿಯ ತಯಾರಿಕೆಗೆ 50 ಕಿಲೋ ಇಂಗಾಲದ ಡೈಆಕ್ಸೈಡ್ ಎಂದು ಧಾರಾಳವಾಗಿಯೇ ಹಿಡಿಯೋಣ. ಕಾರು ಬಿಟ್ಟವರು ಆ ಸಾಲವನ್ನು ಸುಮಾರು 350 ಕಿ.ಮೀ.ಯಲ್ಲಿ ತೀರಿಸುತ್ತಾರೆ, ಸ್ಕೂಟರ್ ಬಿಟ್ಟವರು 1,200ರ ಸುಮಾರಿಗೆ. ನಡೆದು ಹೋಗುತ್ತಿದ್ದವರು ಇದನ್ನೇರಿದರೆ ಸಾಲ ತೀರುವುದಿಲ್ಲ, ಬೆಳೆಯುತ್ತದೆ.