ತಿರುಳೊಂದು, ಯಂತ್ರ ಹಲವು

ಗಣಕಯಂತ್ರವನ್ನು ಬಳಸುವವರು ಕೋಟ್ಯಂತರ ಮಂದಿ; ಅದರ ಒಳಗಣ ವ್ಯಾಪಾರವನ್ನು ಬಲ್ಲವರು ಕೆಲವರು ಮಾತ್ರ. ಕಚೇರಿಯ ಮೇಜಿನ ಮೇಲಿರುವುದೂ ಗಣಕವೇ, ಅಂಗೈಯಲ್ಲಿ ಹಿಡಿಯುವ ದೂರವಾಣಿಯೊಳಗಿರುವುದೂ ಗಣಕವೇ, ಹವಾಮಾನದ ಲೆಕ್ಕವನ್ನು ಹಾಕುವ ದೈತ್ಯ ಯಂತ್ರವೂ ಗಣಕವೇ. ಗಾತ್ರದಲ್ಲಿ, ಬೆಲೆಯಲ್ಲಿ, ಬಲದಲ್ಲಿ ಇವುಗಳ ನಡುವೆ ಅಜಗಜಾಂತರ. ಆದರೂ ಈ ಮೂರರಲ್ಲಿಯೂ ಒಂದೇ ಮೂಲದ ತಂತ್ರಾಂಶವು ಕೆಲಸ ಮಾಡುತ್ತಿರಬಹುದೆಂದರೆ ಕೇಳಿದವರಿಗೆ ಆಶ್ಚರ್ಯವಾಗದಿರದು. ಒಂದೇ ಅಳತೆಯ ಅಂಗಿ ಆನೆಗೂ ಇಲಿಗೂ ಹೊಂದುವುದುಂಟೆ? ಹೊಂದುವುದಿಲ್ಲ. ಆದರೆ ಒಂದೇ ಬಟ್ಟೆಯಿಂದ ಇಬ್ಬರಿಗೂ ಅಳತೆಗೆ ತಕ್ಕಂತೆ ಹೊಲಿಯಬಹುದು. ಹಾಗೆ ಹೊಲಿಯುವ ಕಲೆಯ ಪರಿಚಯವೇ ಈ ಪಾಠದ ವಸ್ತು.

ಗಣಕದ ಯಂತ್ರಭಾಗಕ್ಕೂ ಅದರಲ್ಲಿ ಜನರು ನಡೆಸುವ ಕಾರ್ಯಕ್ರಮಗಳಿಗೂ ನಡುವೆ ನಿಂತು ವ್ಯವಹಾರ ನಡೆಸುವ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ಅದರ ನಡುಭಾಗವೇ ಕರ್ನಲ್; ಇದನ್ನು ಕನ್ನಡದಲ್ಲಿ ತಿರುಳು ಎನ್ನಬಹುದು. ದೊಡ್ಡ ಮಠವೊಂದರ ಪಾರುಪತ್ಯಗಾರನು ಉಗ್ರಾಣದಿಂದ ಯಾರಿಗೆ ಎಷ್ಟು ಅಳೆಯಬೇಕು, ಯಾವ ಕೋಣೆಯನ್ನು ಯಾರಿಗೆ ಬಿಡಬೇಕು, ಯಾರ ಸರದಿ ಮೊದಲು ಎಂಬುದನ್ನೆಲ್ಲ ನೋಡಿಕೊಳ್ಳುತ್ತಾನೆ. ಅಂತೆಯೇ ತಿರುಳು ಗಣಕದ ಸ್ಮೃತಿಯನ್ನು ಕಾರ್ಯಕ್ರಮಗಳಿಗೆ ಹಂಚುತ್ತದೆ. ಯಾವ ಕಾರ್ಯಕ್ರಮ ಎಷ್ಟು ಹೊತ್ತು ನಡೆಯಬೇಕೆಂದು ಗೊತ್ತುಮಾಡುತ್ತದೆ. ಡಿಸ್ಕು, ತೆರೆ, ಕೀಲಿಮಣೆ, ಜಾಲಸಂಪರ್ಕ ಮೊದಲಾದ ಸಾಧನಗಳೊಡನೆ ಮಾತನಾಡುತ್ತದೆ. ಪಾರುಪತ್ಯಗಾರನಿಲ್ಲದ ಮಠದಲ್ಲಿ ಊಟವೇ ಏಳದು. ತಿರುಳಿಲ್ಲದ ಗಣಕ ಬರಿಯ ಲೋಹ.

ಪಾರುಪತ್ಯದ ಕೆಲಸ ಎಲ್ಲೆಡೆಯೂ ಒಂದೇ. ಮಠದ ಕಟ್ಟಡ ಮಾತ್ರ ಒಂದೊಂದು ಊರಿನಲ್ಲಿ ಒಂದೊಂದು ಬಗೆ. ಗಣಕದಲ್ಲಿ ಈ ಭೇದಕ್ಕೆ ಮುಖ್ಯ ಕಾರಣ ಅದರ ಸಂಸ್ಕಾರಕ, ಅಂದರೆ ಪ್ರೊಸೆಸರ್. ಒಂದು ಜಾತಿಯ ಸಂಸ್ಕಾರಕಕ್ಕೆ ಅರ್ಥವಾಗುವ ಆಜ್ಞೆಗಳು ಮತ್ತೊಂದಕ್ಕೆ ಅರ್ಥವಾಗುವುದಿಲ್ಲ. ೩೨ ಬಿಟ್ಟಿನ ವಿಳಾಸ ಬಳಸುವ ಸಂಸ್ಕಾರಕವು ಸುಮಾರು ೪೨೯ ಕೋಟಿ ವಿಳಾಸಗಳನ್ನು ಎಣಿಸಿ ನಿಲ್ಲುತ್ತದೆ. ೬೪ ಬಿಟ್ಟಿನದು ಅದನ್ನು ಎಷ್ಟೋ ಪಾಲು ಮೀರುತ್ತದೆ. ಸಂಖ್ಯೆಯನ್ನು ಸ್ಮೃತಿಯಲ್ಲಿ ಬರೆದಿಡುವ ಕ್ರಮದಲ್ಲಿಯೂ ಭೇದವುಂಟು. ಪ್ರಾಚೀನ ಶಾಸನಗಳಲ್ಲಿ ಶಕವರ್ಷವನ್ನು ಸಂಕೇತಪದಗಳಿಂದ ಸೂಚಿಸುವಾಗ ಬಿಡಿಸ್ಥಾನದಿಂದ ಮೊದಲುಮಾಡಿ ಎಡಕ್ಕೆ ಸಾಗುವ ಪದ್ಧತಿಯಿತ್ತು. ಇಂಟೆಲ್ ಜಾತಿಯ ಸಂಸ್ಕಾರಕಗಳೂ ಹಾಗೆಯೇ ಸಂಖ್ಯೆಯ ಕಿರಿಯ ಭಾಗವನ್ನು ಮೊದಲು ಇಡುತ್ತವೆ. ಐಬಿಎಂ ಸಂಸ್ಥೆಯ ಮಹಾಗಣಕಗಳು ಹಿರಿಯ ಭಾಗವನ್ನು ಮೊದಲು ಇಡುತ್ತವೆ. ಈ ಪದ್ಧತಿಯನ್ನು ತಿಳಿಯದೆ ಓದಿದರೆ ಶಾಸನದ ಕಾಲವೂ ತಪ್ಪುತ್ತದೆ, ಗಣಕದ ಲೆಕ್ಕವೂ ತಪ್ಪುತ್ತದೆ.

ಮೊದಮೊದಲು ಪ್ರತಿಯೊಂದು ಯಂತ್ರಕ್ಕೂ ಅದರದೇ ಆದ ತಿರುಳನ್ನು ಹೊಸದಾಗಿ ಬರೆಯುವುದು ವಾಡಿಕೆಯಾಗಿತ್ತು. ಯಂತ್ರ ಹಳೆಯದಾಯಿತೆಂದರೆ ಶ್ರಮವೆಲ್ಲ ಅದರೊಡನೆ ಮಣ್ಣುಪಾಲು. ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ನರು ಯೂನಿಕ್ಸ್ ವ್ಯವಸ್ಥೆಯನ್ನು ಆರಂಭಿಸಿದಾಗ ಅದೂ ಪಿಡಿಪಿ-೭ ಎಂಬ ಒಂದೇ ಯಂತ್ರದ ಭಾಷೆಯಲ್ಲಿತ್ತು. ಅವರ ಸಹೋದ್ಯೋಗಿ ಡೆನ್ನಿಸ್ ರಿಚಿಯವರು 'ಸಿ' ಎಂಬ ಭಾಷೆಯನ್ನು ರೂಪಿಸಿದರು. ೧೯೭೩ರಲ್ಲಿ ಯೂನಿಕ್ಸಿನ ತಿರುಳನ್ನು ಆ ಭಾಷೆಯಲ್ಲಿ ಮತ್ತೆ ಬರೆಯಲಾಯಿತು. ಯಾವ ಯಂತ್ರಕ್ಕೂ ಸ್ವಂತವಲ್ಲದ ಭಾಷೆಯೊಂದು ದೊರೆತಾಗ ಹೊಸ ಹಾದಿ ತೆರೆಯಿತು. ೧೯೭೭ರಲ್ಲಿ ಆಸ್ಟ್ರೇಲಿಯದ ವುಲಂಗಾಂಗ್ ವಿಶ್ವವಿದ್ಯಾನಿಲಯದಲ್ಲಿಯೂ ಅದೇ ಸುಮಾರಿಗೆ ಬೆಲ್ ಪ್ರಯೋಗಾಲಯದಲ್ಲಿಯೂ ಯೂನಿಕ್ಸನ್ನು ಇಂಟರ್‌ಡೇಟಾ ಎಂಬ ಬೇರೊಂದು ಬಗೆಯ ಗಣಕಕ್ಕೆ ಒಗ್ಗಿಸಿದರು. ತಿರುಳಿನ ಬಹುಭಾಗ ಎಲ್ಲ ಯಂತ್ರಗಳಿಗೂ ಸಮಾನ, ಯಂತ್ರಕ್ಕೆ ಅಂಟಿದ ಭಾಗ ಅಲ್ಪ ಎಂಬ ಸತ್ಯ ಇದರಿಂದ ಮನದಟ್ಟಾಯಿತು.

ಈ ಪಾಠವನ್ನು ಲಿನಕ್ಸ್ ಎಂಬ ತಿರುಳೂ ತನ್ನ ಅನುಭವದಿಂದಲೇ ಕಲಿಯಬೇಕಾಯಿತು. ೧೯೯೧ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಅದನ್ನು ಬರೆಯತೊಡಗಿದಾಗ ಅವರ ಮುಂದಿದ್ದುದು ಇಂಟೆಲ್ ೩೮೬ ಸಂಸ್ಕಾರಕದ ಗಣಕ ಮಾತ್ರ. ಇದು ಬೇರೆ ಯಂತ್ರಗಳಿಗೆ ಒಗ್ಗುವಂಥದಲ್ಲವೆಂದು ಅವರೇ ಆರಂಭದಲ್ಲಿ ಹೇಳಿಕೊಂಡಿದ್ದರು. ಕೆಲವು ವರ್ಷಗಳಲ್ಲಿಯೇ ೬೪ ಬಿಟ್ಟಿನ ಆಲ್ಫಾ ಸಂಸ್ಕಾರಕದ ಗಣಕವೊಂದು ಅವರ ಕೈಗೆ ಬಂದಿತು. ಅದಕ್ಕೆ ಲಿನಕ್ಸನ್ನು ಒಗ್ಗಿಸಹೊರಟಾಗ, ಎಲ್ಲೆಲ್ಲಿ ೩೮೬ರ ಸ್ವಭಾವವು ತಿರುಳಿನಲ್ಲಿ ಬೆರೆತುಹೋಗಿದೆಯೋ ಅಲ್ಲಲ್ಲಿ ಅದನ್ನು ಬಿಡಿಸಿ ಬೇರ್ಪಡಿಸುವುದು ಅನಿವಾರ್ಯವಾಯಿತು. ೧೯೯೫ರಲ್ಲಿ ಹೊರಬಂದ ೧.೨ನೆಯ ಆವೃತ್ತಿಯು ಆಲ್ಫಾ, ಸ್ಪಾರ್ಕ್, ಮಿಪ್ಸ್ ಸಂಸ್ಕಾರಕಗಳಿಗೂ ಎಡೆಗೊಟ್ಟಿತು. ಇಂದು ಅದು ಸುಮಾರು ಇಪ್ಪತ್ತು ಜಾತಿಯ ಸಂಸ್ಕಾರಕಗಳಲ್ಲಿ ನಡೆಯಬಲ್ಲುದು. ಜಗತ್ತಿನ ಅತಿ ವೇಗದ ೫೦೦ ಗಣಕಗಳ ಪಟ್ಟಿಯಲ್ಲಿ ೨೦೧೭ರ ನವೆಂಬರಿನಿಂದ ಇರುವುವೆಲ್ಲವೂ ಲಿನಕ್ಸನ್ನೇ ನಂಬಿವೆ. ಆಂಡ್ರಾಯ್ಡ್ ದೂರವಾಣಿಗಳ ತಿರುಳೂ ಅದೇ.

ಲಿನಕ್ಸಿನ ಮೂಲ ಬರಹವನ್ನು ಒಂದು ದೊಡ್ಡ ತೊಟ್ಟಿಯ ಮನೆಗೆ ಹೋಲಿಸಬಹುದು. ನಡುವಣ ಅಂಗಳ ಎಲ್ಲರಿಗೂ ಸೇರಿದುದು: ಸರದಿಯ ನಿಯಮ, ಕಡತಗಳ ವ್ಯವಸ್ಥೆ, ಜಾಲಸಂಪರ್ಕದ ಕ್ರಮ ಇವೆಲ್ಲ ಅಲ್ಲಿವೆ. ಸುತ್ತಲಿನ ಕೋಣೆಗಳಲ್ಲಿ ಒಂದೊಂದು ಜಾತಿಯ ಸಂಸ್ಕಾರಕಕ್ಕೆ ಮಾತ್ರ ಬೇಕಾದ ಬರಹ ಉಂಟು. ಈ ಮನೆಯಿಂದ ಒಂದು ನಿರ್ದಿಷ್ಟ ಗಣಕಕ್ಕೆ ತಕ್ಕ ತಿರುಳನ್ನು ಸಿದ್ಧಪಡಿಸುವಾಗ ಯಾವುದನ್ನು ಆರಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ನಿರ್ಣಯಕ್ಕೆ ಸಂಯೋಜನೆ ಎಂದು ಹೆಸರು. ಇದರಲ್ಲಿರುವ ಪ್ರಶ್ನೆಗಳು ಹತ್ತು ಸಾವಿರವನ್ನೂ ಮೀರುತ್ತವೆ. ಒಂದು ಆಯ್ಕೆ ಇನ್ನೊಂದನ್ನು ಅವಲಂಬಿಸಿರುವುದೂ ಉಂಟು. ಜಾಲಸಂಪರ್ಕವೇ ಬೇಡವೆಂದವನಿಗೆ ಅದರ ಒಳಭೇದಗಳನ್ನು ಕೇಳುವುದರಲ್ಲಿ ಅರ್ಥವಿಲ್ಲವಷ್ಟೆ. ಈ ಅವಲಂಬನೆಗಳನ್ನೆಲ್ಲ ಕ್ರಮವಾಗಿ ಬರೆದಿಡಲು ೨೦೦೨ರಲ್ಲಿ ಕೆಕಾನ್ಫಿಗ್ ಎಂಬ ಚಿಕ್ಕ ಭಾಷೆಯೊಂದು ಬಳಕೆಗೆ ಬಂದಿತು.

ಹಲವು ಪ್ರಶ್ನೆಗಳಿಗೆ ಮೂರು ಬಗೆಯ ಉತ್ತರ ಸಾಧ್ಯ. 'ಬೇಕು' ಎಂದರೆ ಆ ಭಾಗವು ತಿರುಳಿನ ಮೈಯಲ್ಲಿಯೇ ಸೇರುತ್ತದೆ. 'ಬೇಡ' ಎಂದರೆ ಅದರ ಸುಳಿವೇ ಇರದು. ಮೂರನೆಯದು 'ಮಾಡ್ಯೂಲ್', ಅಂದರೆ ಬಿಡಿಭಾಗ: ಅದನ್ನು ಪ್ರತ್ಯೇಕ ಕಡತವಾಗಿ ಡಿಸ್ಕಿನಲ್ಲಿ ಇರಿಸಿ, ಬೇಕಾದಾಗ ಮಾತ್ರ ತಿರುಳಿಗೆ ಸೇರಿಸಿಕೊಳ್ಳಲಾಗುತ್ತದೆ. ಸಾಮಾನ್ಯ ಬಳಕೆಗೆಂದು ಹಂಚುವ ತಿರುಳುಗಳಲ್ಲಿ ಸಾವಿರಾರು ಸಾಧನಗಳ ಚಾಲಕ ತಂತ್ರಾಂಶ ಹೀಗೆ ಬಿಡಿಭಾಗವಾಗಿಯೇ ಇರುತ್ತದೆ. ಯಾರ ಮನೆಯ ಗಣಕ ಯಾವುದೋ ಹಂಚುವವರಿಗೆ ತಿಳಿಯದಷ್ಟೆ.

ಎಲ್ಲಕ್ಕೂ 'ಬೇಕು' ಎಂದರಾಯಿತಲ್ಲ ಎಂದು ಯಾರಿಗಾದರೂ ತೋರಬಹುದು. ಆದರೆ ಪ್ರತಿಯೊಂದು ಆಯ್ಕೆಗೂ ಬೆಲೆಯುಂಟು. ಎಷ್ಟು ಸಂಸ್ಕಾರಕಗಳವರೆಗೆ ಎಡೆಯಿರಬೇಕು ಎಂಬ ಪ್ರಶ್ನೆಗೆ ದೊಡ್ಡ ಸಂಖ್ಯೆ ಕೊಟ್ಟಷ್ಟೂ ತಿರುಳು ಅವುಗಳ ಲೆಕ್ಕಕ್ಕೆಂದು ಸ್ಮೃತಿಯನ್ನು ಕಾದಿರಿಸುತ್ತದೆ. ಗಡಿಯಾರದ ಮಿಡಿತ ಸೆಕೆಂಡಿಗೆ ೧೦೦ ಸಾರಿಯೋ, ೨೫೦ ಸಾರಿಯೋ, ೧೦೦೦ ಸಾರಿಯೋ ಎಂಬುದು ಇನ್ನೊಂದು ಪ್ರಶ್ನೆ. ಮಿಡಿತ ಹೆಚ್ಚಿದರೆ ಗಣಕ ಚುರುಕಾಗಿ ಓಗೊಡುತ್ತದೆ. ಆದರೆ ಪದೇ ಪದೇ ಕೆಲಸ ನಿಲ್ಲಿಸಿ ಗಡಿಯಾರ ನೋಡುವವನಂತೆ ಅದರ ಶಕ್ತಿಯೂ ಅಷ್ಟಷ್ಟು ವ್ಯಯವಾಗುತ್ತದೆ.

ಸ್ಮೃತಿಯನ್ನು ಹಂಚುವ ಅಳತೆಯ ವಿಚಾರ ಇನ್ನೂ ಸ್ವಾರಸ್ಯವಾದುದು. ತಿರುಳು ಸ್ಮೃತಿಯನ್ನು ಪುಟಗಳ ಲೆಕ್ಕದಲ್ಲಿ ಹಂಚುತ್ತದೆ. ಇಂಟೆಲ್ ಜಾತಿಯಲ್ಲಿ ಮೂಲಪುಟದ ಅಳತೆ ೪ ಕಿಲೋಬೈಟ್. ೬೪ ಬಿಟ್ಟಿನ ಆರ್ಮ್ ಸಂಸ್ಕಾರಕಕ್ಕೆ ೪, ೧೬, ೬೪ ಕಿಲೋಬೈಟ್ ಎಂಬ ಮೂರು ಅಳತೆಗಳಲ್ಲಿ ಒಂದನ್ನು ಆರಿಸಬಹುದು. ದೊಡ್ಡ ಸ್ಮೃತಿಯ ಯಂತ್ರದಲ್ಲಿ ದೊಡ್ಡ ಪುಟವಿದ್ದರೆ ಲೆಕ್ಕದ ಬಾಬತ್ತುಗಳು ಕಡಮೆಯಾಗಿ ವೇಗ ಹೆಚ್ಚುತ್ತದೆ. ಆದರೆ ಒಂದು ಕಿಲೋಬೈಟಿನ ಪುಟ್ಟ ಕಡತವನ್ನು ಓದಿದರೂ ೬೪ ಕಿಲೋಬೈಟ್ ಸ್ಥಳ ಮುಡಿಪಾಗುತ್ತದೆ. ಪಾವು ಅಕ್ಕಿಗೆ ಪಲ್ಲದ ಚೀಲ ಹಿಡಿದಂತೆ. ಅದೂ ಅಲ್ಲದೆ ಈ ಮೂರು ಅಳತೆಗಳೂ ಎಲ್ಲ ಆರ್ಮ್ ಸಂಸ್ಕಾರಕಗಳಿಗೂ ತಿಳಿಯವು. ತಿಳಿಯದ ಅಳತೆಯನ್ನು ಆರಿಸಿದರೆ ಗಣಕ ಎಚ್ಚರಗೊಳ್ಳುವುದೇ ಇಲ್ಲ.

ತಪ್ಪು ಆಯ್ಕೆಯ ಪರಿಣಾಮಕ್ಕೆ ಕಲಿಯುವವರಲ್ಲಿ ಅನೇಕರು ಅನುಭವಿಸುವ ಒಂದು ನಿದರ್ಶನವುಂಟು. ತಿರುಳು ಹಗುರವಾಗಿರಲೆಂದು ಒಬ್ಬನು ಡಿಸ್ಕಿನ ಚಾಲಕ ತಂತ್ರಾಂಶವನ್ನು ಬಿಡಿಭಾಗವಾಗಿ ಆರಿಸುತ್ತಾನೆ. ಆ ಬಿಡಿಭಾಗದ ಕಡತ ಇರುವುದು ಅದೇ ಡಿಸ್ಕಿನಲ್ಲಿ. ಗಣಕ ಆರಂಭವಾದಾಗ ತಿರುಳಿಗೆ ಡಿಸ್ಕನ್ನು ಓದಲು ಚಾಲಕ ಬೇಕು. ಚಾಲಕವನ್ನು ತರಲು ಡಿಸ್ಕನ್ನು ಓದಬೇಕು! ಕೀಲಿಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಂತಾಯಿತು. ಮೂಲ ಕಡತವ್ಯವಸ್ಥೆ ದೊರೆಯಲಿಲ್ಲವೆಂದು ತೆರೆಯ ಮೇಲೆ ಬರೆದು ತಿರುಳು ಅಲ್ಲಿಗೇ ನಿಂತುಬಿಡುತ್ತದೆ. ಇದಕ್ಕೆ ಎರಡು ಪರಿಹಾರಗಳುಂಟು. ಆ ಚಾಲಕವನ್ನು ತಿರುಳಿನ ಮೈಯಲ್ಲಿಯೇ ಸೇರಿಸುವುದು ಒಂದು. ಆರಂಭಕ್ಕೆ ಬೇಕಾದ ಬಿಡಿಭಾಗಗಳನ್ನು ಚಿಕ್ಕ ಗಂಟು ಕಟ್ಟಿ ತಿರುಳಿನ ಜೊತೆಗೇ ಸ್ಮೃತಿಗೆ ಕಳುಹಿಸುವುದು ಇನ್ನೊಂದು. ಬೀಗದ ಕೈಯನ್ನು ಸೆರಗಿನ ತುದಿಗೆ ಕಟ್ಟಿಕೊಂಡ ಗೃಹಿಣಿಯ ಜಾಣತನವೇ ಇಲ್ಲಿಯೂ ಬೇಕು.

ಕರ್ನಾಟಕಕ್ಕೂ ಈ ವಿದ್ಯೆಗೂ ಒಂದು ನಂಟುಂಟು. ಈ ಶತಮಾನದ ಮೊದಲ ವರ್ಷಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಎಂಬ ಸಂಸ್ಥೆಯ ಎಂಜಿನಿಯರರೂ ಕೂಡಿ, ಬಡವರ ಕೈಗೂ ಎಟುಕಲೆಂದು ಸಿಂಪ್ಯೂಟರ್ ಎಂಬ ಅಂಗೈಗಣಕವನ್ನು ರೂಪಿಸಿದರು. ಅದರ ತಿರುಳು ಲಿನಕ್ಸ್, ಸಂಸ್ಕಾರಕ ಸ್ಟ್ರಾಂಗ್‌ಆರ್ಮ್. ತಿರುಗುವ ಡಿಸ್ಕಿನ ಬದಲು ಫ್ಲಾಶ್ ಸ್ಮೃತಿ, ಕೀಲಿಮಣೆಯ ಬದಲು ಮುಟ್ಟಿ ಬರೆಯುವ ತೆರೆ. ಮೇಜಿನ ಗಣಕಕ್ಕೆ ಹೊಂದುವ ಆಯ್ಕೆಗಳಲ್ಲಿ ಎಷ್ಟೋ ಅದಕ್ಕೆ ಬೇಡವಾಗಿದ್ದವು. ಅದಕ್ಕೆ ಬೇಕಾದುವು ಮೇಜಿನ ಗಣಕಕ್ಕೆ ಬೇಡವಾಗಿದ್ದವು. ಬರಹವನ್ನು ಕನ್ನಡದಲ್ಲಿ ಓದಿ ಹೇಳಬಲ್ಲ ಆ ಪುಟ್ಟ ಯಂತ್ರದೊಳಗೆ ಇದ್ದುದು ಹೆಲ್ಸಿಂಕಿಯಲ್ಲಿ ಹುಟ್ಟಿದ ತಿರುಳೇ.

ಆರ್ಮ್ ಸಂಸ್ಕಾರಕಗಳು ಜಗತ್ತಿನಲ್ಲೆಲ್ಲ ಹಬ್ಬಿದಂತೆ ತೊಡಕೊಂದು ತಲೆದೋರಿತು. ಪ್ರತಿಯೊಬ್ಬ ತಯಾರಕನೂ ತನ್ನ ಫಲಕದಲ್ಲಿ ಯಾವ ಸಾಧನ ಎಲ್ಲಿದೆಯೆಂಬುದನ್ನು ತಿರುಳಿನ ಮೂಲ ಬರಹದಲ್ಲಿಯೇ ಸೇರಿಸುತ್ತಾ ಹೋದನು. ಒಂದು ಫಲಕಕ್ಕೆ ಸಿದ್ಧಪಡಿಸಿದ ತಿರುಳು ಸಾಮಾನ್ಯವಾಗಿ ಇನ್ನೊಂದರಲ್ಲಿ ನಡೆಯದಾಯಿತು. ಆರ್ಮ್ ಕೋಣೆಯಲ್ಲಿ ಒಂದೇ ಮಾತು ನೂರಾರು ಸಾರಿ ಬರೆದು ರಾಶಿಬಿದ್ದಿತು. ೨೦೧೧ರಲ್ಲಿ ಟೋರ್ವಾಲ್ಡ್ಸರು ಈ ಬಗ್ಗೆ ಬಹಿರಂಗವಾಗಿಯೇ ಅಸಮಾಧಾನ ತೋರಿದರು. ಆಗ ಬೇರೆ ಸಂಸ್ಕಾರಕಗಳಲ್ಲಿ ಮೊದಲೇ ರೂಢಿಯಲ್ಲಿದ್ದ ಉಪಾಯವೊಂದನ್ನು ಇಲ್ಲಿಗೂ ತಂದರು. ಫಲಕದ ವಿವರವನ್ನು 'ಸಾಧನವೃಕ್ಷ' ಎಂಬ ಪ್ರತ್ಯೇಕ ಕಡತದಲ್ಲಿ ಬರೆದು, ಗಣಕ ಆರಂಭವಾಗುವಾಗ ಅದನ್ನು ತಿರುಳಿನ ಕೈಗೆ ಕೊಡುವುದೇ ಆ ಉಪಾಯ. ೨೦೧೨ರ ಡಿಸೆಂಬರಿನಲ್ಲಿ ಬಂದ ೩.೭ನೆಯ ಆವೃತ್ತಿಯಿಂದ ಒಂದೇ ತಿರುಳು ಹಲವು ಆರ್ಮ್ ಫಲಕಗಳಲ್ಲಿ ನಡೆಯುವ ಅನುಕೂಲ ಒದಗಿತು. ಪಾರುಪತ್ಯಗಾರನು ಊರೂರಿನ ಕಟ್ಟಡವನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಬಾಗಿಲಲ್ಲಿಯೇ ನಕ್ಷೆಯನ್ನು ಕೊಟ್ಟರೆ ಸಾಕು.

ಸೇರಿಸುವುದು ಹೇಗೋ ಕೈಬಿಡುವುದೂ ಹಾಗೆ ಈ ಕಲೆಯ ಒಂದು ಅಂಗ. ಒಂದು ಸಂಸ್ಕಾರಕಕ್ಕೆ ಎಡೆಯುಂಟೆಂದರೆ, ತಿರುಳಿನಲ್ಲಿ ಮಾಡುವ ಬದಲಾವಣೆಗಳು ಅದಕ್ಕೂ ಹೊಂದುತ್ತವೆಯೇ ಎಂದು ಯಾರಾದರೂ ನೋಡುತ್ತಿರಬೇಕು. ಹಾಗೆ ನೋಡುವವರು ಇರುವವರೆಗೆ ಹಳೆಯ ಗಣಕವೂ ಬಾಳುತ್ತದೆ. ಸಿರಿವಂತರು ಬಿಸುಟ ಯಂತ್ರ ಬಡಶಾಲೆಯ ಮಕ್ಕಳ ಕೈಯಲ್ಲಿ ಮತ್ತೆ ಜೀವ ತಳೆಯುತ್ತದೆ. ನೋಡುವವರಿಲ್ಲದಾಗ ಬಿಡುವುದು ಅನಿವಾರ್ಯ. ಲಿನಕ್ಸ್ ಹುಟ್ಟಿದ ೩೮೬ ಸಂಸ್ಕಾರಕವನ್ನೇ ೨೦೧೨ರ ಡಿಸೆಂಬರಿನಲ್ಲಿ ಕೈಬಿಡಲಾಯಿತು. ಹೊಸ ಸಂಸ್ಕಾರಕಗಳಲ್ಲಿರುವ ಕೆಲವು ಆಜ್ಞೆಗಳು ಅದರಲ್ಲಿಲ್ಲದೆ, ಅದೊಂದಕ್ಕಾಗಿ ಉಳಿದೆಲ್ಲ ಕೆಲಸವೂ ತೊಡಕಾಗುತ್ತಿತ್ತು. ತೊಟ್ಟಿಲು ಮಗುವಿಗೆ ಚಿಕ್ಕದಾದಾಗ ತಾಯಿಯೇ ಅದನ್ನು ಅಟ್ಟಕ್ಕೆ ಏರಿಸುವಂತೆ, ಟೋರ್ವಾಲ್ಡ್ಸರೇ ಆ ಬದಲಾವಣೆಯನ್ನು ಒಪ್ಪಿ ಸೇರಿಸಿದರು.

ಒಂದು ಬಾಗಿಲು ಮುಚ್ಚಿದರೂ ಮತ್ತೊಂದು ತೆರೆಯುತ್ತಲೇ ಇದೆ. ೨೦೧೦ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಆರಂಭವಾದ, ಯಾರು ಬೇಕಾದರೂ ಬಳಸಬಹುದಾದ ರಿಸ್ಕ್-ಫೈವ್ ಎಂಬ ಸಂಸ್ಕಾರಕ ಕ್ರಮಕ್ಕೆ ೨೦೧೮ರ ಜನವರಿಯ ೪.೧೫ನೆಯ ಆವೃತ್ತಿಯಲ್ಲಿ ಹೊಸ ಕೋಣೆ ಸಿದ್ಧವಾಯಿತು. ಅದೇ ವರ್ಷ ಮದರಾಸಿನ ಐ.ಐ.ಟಿ.ಯವರು ಆ ಕ್ರಮವನ್ನು ಅನುಸರಿಸಿ ರೂಪಿಸಿದ 'ಶಕ್ತಿ' ಸಂಸ್ಕಾರಕದಲ್ಲಿ ಲಿನಕ್ಸ್ ನಡೆಯಿತು. ಅದಕ್ಕಾಗಿ ಅಂಗಳವನ್ನು ಅಗೆಯಬೇಕಾಗಲಿಲ್ಲ; ಪಕ್ಕದಲ್ಲೊಂದು ಕೋಣೆ ಕಟ್ಟಿದರೆ ಸಾಕಾಯಿತು.

ಎಲ್ಲರಿಗೂ ಸಮಾನವಾದುದು ಯಾವುದು, ಒಬ್ಬೊಬ್ಬರಿಗೆ ವಿಶಿಷ್ಟವಾದುದು ಯಾವುದು ಎಂಬ ವಿವೇಚನೆಯೇ ಈ ವಿದ್ಯೆಯ ಮೂಲ. ಸಮಾನವಾದುದನ್ನು ಒಮ್ಮೆ ಬರೆದು ಎಲ್ಲರೂ ಕಾಪಾಡುತ್ತಾರೆ. ವಿಶಿಷ್ಟವಾದುದನ್ನು ಅದರ ಕೋಣೆಯಲ್ಲಿಟ್ಟು ಬಲ್ಲವರು ನೋಡಿಕೊಳ್ಳುತ್ತಾರೆ. ತನ್ನ ಯಂತ್ರದಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಅರಿಯದವನು ಆ ಸಾವಿರಾರು ಪ್ರಶ್ನೆಗಳ ಮುಂದೆ ಕಂಗೆಡುತ್ತಾನೆ. ಅರಿತವನಿಗೆ ಅವು ತನ್ನ ಗಣಕವನ್ನು ಕುರಿತ ಸರಳ ಪ್ರಶ್ನೆಗಳಷ್ಟೆ.