ತಿಂಗಳ ಎರಡನೇ ಮಂಗಳವಾರ

ಗುಬ್ಬಿ ತಾಲ್ಲೂಕಿನ ಹೋಬಳಿ ಕೇಂದ್ರವಾದ ಕಡಬದಂಥ ಊರುಗಳಲ್ಲಿ ಪಹಣಿಯಿಂದ ಹಿಡಿದು ಜಾತಿ, ಆದಾಯ ಪ್ರಮಾಣಪತ್ರದವರೆಗೆ ಸರ್ಕಾರದ ಕಾಗದಗಳೆಲ್ಲ ಕಂಪ್ಯೂಟರಿನ ಮೂಲಕವೇ ಬರತೊಡಗಿದ ಮೇಲೆ, ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತು ಜನರ ಕಿವಿಗೆ ಒಗ್ಗಿಹೋಗಿದೆ. ಇಲ್ಲಿ ಸರ್ವರ್ ಎನ್ನುವುದು ಗುಮಾಸ್ತರ ಎದುರಿಗಿರುವ ಕಂಪ್ಯೂಟರ್ ಅಲ್ಲ. ದೂರದ ದತ್ತಾಂಶ ಕೇಂದ್ರವೊಂದರಲ್ಲಿ ಹಗಲಿರುಳು ಚಾಲನೆಯಲ್ಲಿದ್ದು, ಏಕಕಾಲಕ್ಕೆ ನೂರಾರು ಕಚೇರಿಗಳ ಕೋರಿಕೆಗಳಿಗೆ ಉತ್ತರ ಕೊಡುವ ಯಂತ್ರ. ಅದು ಕೈಕೊಡುವುದಕ್ಕೆ ಕಾರಣಗಳು ಹಲವು. ಕೇಬಲ್ ತುಂಡಾಗಬಹುದು, ವಿದ್ಯುತ್ ಹೋಗಬಹುದು, ಕೋರಿಕೆಗಳ ಒತ್ತಡ ಹೆಚ್ಚಬಹುದು. 2025ರ ಜನವರಿಯಲ್ಲಿ ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಕಾವೇರಿ 2.0 ತಂತ್ರಾಂಶಕ್ಕೆ ಆದಂತೆ, ನಕಲಿ ಖಾತೆಗಳಿಂದ ಲಕ್ಷಗಟ್ಟಲೆ ಸುಳ್ಳು ಕೋರಿಕೆಗಳನ್ನು ಸುರಿದು ಯಾರಾದರೂ ಬೇಕೆಂದೇ ಅದನ್ನು ಕೆಡವಬಹುದು. ಇವುಗಳ ಜೊತೆಗೆ, ಸಾರ್ವಜನಿಕ ಚರ್ಚೆಗೆ ಬಾರದ ಇನ್ನೊಂದು ಕಾರಣವಿದೆ: ಸರ್ವರನ್ನು ಕಾಪಾಡಲೆಂದೇ ತಿಂಗಳಿಗೊಮ್ಮೆ ಹಾಕುವ ಭದ್ರತಾ ಅಪ್‌ಡೇಟ್, ಮತ್ತು ಕೆಲವೊಮ್ಮೆ ಆ ಅಪ್‌ಡೇಟ್‌ನಿಂದಲೇ ಹುಟ್ಟುವ ತೊಂದರೆ.

ಯಾವುದೇ ಕಂಪ್ಯೂಟರಿನಲ್ಲಿ ಉಳಿದ ತಂತ್ರಾಂಶಗಳಿಗೆಲ್ಲ ಆಧಾರವಾಗಿ, ಯಾರನ್ನು ಒಳಗೆ ಬಿಡಬೇಕು, ಯಾವ ಕಡತವನ್ನು ಯಾರು ನೋಡಬಹುದು ಎಂಬುದನ್ನೆಲ್ಲ ನಿರ್ಧರಿಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ಕೋಟ್ಯಂತರ ಸಾಲುಗಳ ಈ ಬರವಣಿಗೆಯಲ್ಲಿ ತಪ್ಪುಗಳು ಉಳಿದೇ ಉಳಿಯುತ್ತವೆ. ಅವುಗಳಲ್ಲಿ ಹೊರಗಿನವರಿಗೆ ಒಳದಾರಿಯಾಗಬಲ್ಲ ತಪ್ಪನ್ನು ಭದ್ರತಾ ಲೋಪವೆಂದೂ, ಅದನ್ನು ಮುಚ್ಚಲು ತಯಾರಕರು ಕಳುಹಿಸುವ ತಿದ್ದುಪಡಿಯನ್ನು ಪ್ಯಾಚ್ ಎಂದೂ ಕರೆಯುತ್ತಾರೆ. ವಿಂಡೋಸ್ ಸರ್ವರ್ ತಯಾರಿಸುವ ಮೈಕ್ರೋಸಾಫ್ಟ್ ಸಂಸ್ಥೆಯು 2003ರ ಅಕ್ಟೋಬರ್‌ನಿಂದ ಪ್ರತಿ ತಿಂಗಳ ಎರಡನೇ ಮಂಗಳವಾರ ಈ ಪ್ಯಾಚ್‌ಗಳನ್ನು ಒಟ್ಟಿಗೆ ಬಿಡುಗಡೆ ಮಾಡುವ ಪದ್ಧತಿಯನ್ನು ಇಟ್ಟುಕೊಂಡಿದೆ. ಬಿಡುಗಡೆಯ ಹೊತ್ತಾದ ಅಮೆರಿಕದ ಪಶ್ಚಿಮ ಕರಾವಳಿಯ ಬೆಳಗಿನ 10 ಗಂಟೆ ಭಾರತದಲ್ಲಿ, ಋತುವಿಗೆ ತಕ್ಕಂತೆ, ರಾತ್ರಿ ಹತ್ತೂವರೆಯೋ ಹನ್ನೊಂದೂವರೆಯೋ ಆಗಿರುವುದರಿಂದ, ಇಲ್ಲಿನ ಸರ್ವರ್ ನಿರ್ವಾಹಕರಿಗೆ ಅದು ಬುಧವಾರದ ಬೆಳಗಿನ ಕೆಲಸ. ಲಿನಕ್ಸ್ ಬಳಗದ ಡೆಬಿಯನ್, ಉಬುಂಟು, ರೆಡ್ ಹ್ಯಾಟ್ ಮುಂತಾದವು ಇಂಥ ತಿಂಗಳ ದಿನಕ್ಕೆ ಕಾಯದೆ, ಲೋಪ ಸರಿಹೋದಂತೆ ಪ್ಯಾಚ್ ಕೊಡುತ್ತವೆ. ದಿನ ನಿಗದಿಯಿಲ್ಲದ್ದರಿಂದ ನಿರ್ವಾಹಕರು ನಿತ್ಯ ಕಣ್ಣಿಟ್ಟಿರಬೇಕು ಎನ್ನುವುದೊಂದೇ ವ್ಯತ್ಯಾಸ.

ಪ್ಯಾಚ್ ಬಿಡುಗಡೆಯಾದ ಮಾತ್ರಕ್ಕೆ ಅಪಾಯ ಕಳೆಯುವುದಿಲ್ಲ. ಒಂದು ಅರ್ಥದಲ್ಲಿ ಅಪಾಯ ಹೆಚ್ಚುವುದು ಅಂದಿನಿಂದಲೇ. ಹಳೆಯ ಕಡತವನ್ನೂ ಹೊಸ ಕಡತವನ್ನೂ ಪಕ್ಕಪಕ್ಕದಲ್ಲಿಟ್ಟು ಎಲ್ಲೆಲ್ಲಿ ಬದಲಾಗಿದೆ ಎಂದು ನೋಡಿದರೆ, ಲೋಪ ಎಲ್ಲಿತ್ತೆಂಬುದು ಕಳ್ಳರಿಗೂ ತಿಳಿಯುತ್ತದೆ, ಆಮೇಲೆ ಪ್ಯಾಚ್ ಹಾಕದೆ ಉಳಿದ ಸರ್ವರ್‌ಗಳನ್ನು ಹುಡುಕುವುದಷ್ಟೇ ಅವರ ಕೆಲಸ. 2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್, ಕಂಪ್ಯೂಟರುಗಳು ತಮ್ಮತಮ್ಮಲ್ಲಿ ಕಡತಗಳನ್ನು ಹಂಚಿಕೊಳ್ಳುವ ವ್ಯವಸ್ಥೆಯಲ್ಲಿದ್ದ ಲೋಪವೊಂದಕ್ಕೆ ಪ್ಯಾಚ್ ಕೊಟ್ಟಿತು. ಅದೇ ಲೋಪವನ್ನು ಬಳಸುವ, ಅಮೆರಿಕದ ಗೂಢಚಾರ ಸಂಸ್ಥೆಯಿಂದ ಸೋರಿದ್ದ ಸಾಧನವು ಏಪ್ರಿಲ್‌ನಲ್ಲಿ ಬಹಿರಂಗವಾಯಿತು. ಮೇ 12ರಂದು ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಅದರ ಬೆನ್ನೇರಿ ಜಗತ್ತಿಗೆ ಹರಡಿತು. 150ಕ್ಕೂ ಹೆಚ್ಚು ದೇಶಗಳ ಕಂಪ್ಯೂಟರುಗಳಲ್ಲಿ ಕಡತಗಳಿಗೆ ಬೀಗ ಬಿದ್ದಂತಾಯಿತು, ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳುಹಿಸಿದವು, ನೆರೆಯ ವಯನಾಡಿನ ಪಂಚಾಯಿತಿ ಕಚೇರಿಗೂ ಪಿಡುಗು ತಗುಲಿತು. ಪ್ಯಾಚ್ ಬಂದು 59 ದಿನ ಕಳೆದಿತ್ತು ಎಂಬುದೇ ಈ ಪ್ರಕರಣದ ಕಹಿ ಸಂಗತಿ.

ಹಾಗಿದ್ದರೆ ಪ್ಯಾಚ್ ಬಂದ ಮರುಗಳಿಗೆಯೇ ಹಾಕಿಬಿಡಬಾರದೇಕೆ ಎಂಬ ಪ್ರಶ್ನೆಗೆ ಉತ್ತರ 2022ರ ಸಂಕ್ರಾಂತಿಯ ವಾರದಲ್ಲಿದೆ. ಆ ಜನವರಿ 11ರ ಅಪ್‌ಡೇಟ್ ಹಾಕಿದ ಅನೇಕ ಸಂಸ್ಥೆಗಳಲ್ಲಿ ಡೊಮೈನ್ ಕಂಟ್ರೋಲರ್‌ಗಳು, ಅಂದರೆ ಸಿಬ್ಬಂದಿಯ ಹೆಸರು, ಪಾಸ್‌ವರ್ಡ್‌ಗಳನ್ನು ಪರಿಶೀಲಿಸಿ ಒಳಗೆ ಬಿಡುವ ಸರ್ವರ್‌ಗಳು, ತಾವಾಗಿಯೇ ಮತ್ತೆ ಮತ್ತೆ ರೀಸ್ಟಾರ್ಟ್ ಆಗತೊಡಗಿದವು. ಕೆಲವೆಡೆ, ಒಂದೇ ಯಂತ್ರದಲ್ಲಿ ಹಲವು ಸರ್ವರ್‌ಗಳನ್ನು ನಡೆಸುವ ಹೈಪರ್-ವಿ ವ್ಯವಸ್ಥೆಯೇ ಆರಂಭವಾಗಲಿಲ್ಲ. ಸರಿಪಡಿಸುವ ತುರ್ತು ಅಪ್‌ಡೇಟ್ ಬಂದದ್ದು ಜನವರಿ 17ಕ್ಕೆ. 2024ರ ಮಾರ್ಚ್ 12ರ ಅಪ್‌ಡೇಟ್‌ನ ತೊಂದರೆ ಇನ್ನೂ ಸೂಕ್ಷ್ಮವಾದದ್ದು. ಲಾಗಿನ್ ಪರಿಶೀಲಿಸುವ ಎಲ್‌ಸಾಸ್ ಎಂಬ ಒಳಪ್ರಕ್ರಿಯೆ ಪ್ರತಿ ಕೋರಿಕೆಗೂ ಸ್ವಲ್ಪ ಮೆಮೊರಿ ಪಡೆದು ಹಿಂತಿರುಗಿಸದೆ ಉಳಿಸಿಕೊಳ್ಳುತ್ತಿತ್ತು. ಅಪ್‌ಡೇಟ್ ಹಾಕಿದಾಗ ಎಲ್ಲವೂ ಸರಿಯಾಗಿಯೇ ಕಂಡು, ಆಮೇಲೆ ಮೆಮೊರಿ ಬರಿದಾಗಿ ಸರ್ವರ್ ಬಿದ್ದುಹೋಗುತ್ತಿತ್ತು. ಇದಕ್ಕೆ ಪರಿಹಾರ ಬರತೊಡಗಿದ್ದು ಮಾರ್ಚ್ 22ರಂದು. ಅಲ್ಲಿಯವರೆಗೆ ನಿರ್ವಾಹಕರಿಗಿದ್ದ ದಾರಿ ಎರಡೇ: ಅಪ್‌ಡೇಟ್ ತೆಗೆದು ಲೋಪವನ್ನು ಮತ್ತೆ ತೆರೆದಿಡುವುದು, ಇಲ್ಲವೇ ಆಗಾಗ ಸರ್ವರನ್ನು ತಾವೇ ರೀಸ್ಟಾರ್ಟ್ ಮಾಡುವುದು.

ಇಂಥ ತೊಂದರೆಗಳನ್ನು ತಯಾರಕರು ಮುಚ್ಚಿಡದೆ, ಪ್ರತಿ ಅಪ್‌ಡೇಟ್‌ನ ವಿವರದೊಂದಿಗೆ ‘ಗೊತ್ತಿರುವ ತೊಂದರೆಗಳು’ ಎಂಬ ತಲೆಬರಹದಡಿ ಪ್ರಕಟಿಸುತ್ತಾರೆ. ಯಾವ ಆವೃತ್ತಿಯಲ್ಲಿ, ಯಾವ ಸಂಖ್ಯೆಯ ಅಪ್‌ಡೇಟ್ ನಂತರ ತೊಂದರೆ ಶುರುವಾಯಿತು, ಲಕ್ಷಣವೇನು, ಸದ್ಯಕ್ಕೆ ಏನು ಮಾಡಬಹುದು ಎಂಬುದರ ಜೊತೆಗೆ, ಅದು ಪರಿಶೀಲನೆಯಲ್ಲಿದೆಯೋ, ದೃಢಪಟ್ಟಿದೆಯೋ, ಪರಿಹಾರವಾಗಿದೆಯೋ ಎಂಬುದನ್ನೂ ಅಲ್ಲಿ ಬರೆದಿರುತ್ತಾರೆ. ಅನುಭವಿ ನಿರ್ವಾಹಕರು ಅಪ್‌ಡೇಟ್‌ಗಿಂತ ಮೊದಲು ಓದುವುದು ಈ ಪಟ್ಟಿಯನ್ನೇ. ಬ್ಯಾಕಪ್ ತೆಗೆದಿಟ್ಟು, ಮೊದಲು ಪರೀಕ್ಷೆಗೆಂದೇ ಇಟ್ಟ ಸರ್ವರ್‌ಗೆ, ಅಲ್ಲಿ ಒಂದೆರಡು ದಿನ ತೊಂದರೆ ಕಾಣದಿದ್ದರೆ ಕಡಿಮೆ ಮಹತ್ವದವಕ್ಕೆ, ಕೊನೆಗೆ ಮುಖ್ಯ ಸರ್ವರ್‌ಗಳಿಗೆ ಎಂಬ ಕ್ರಮವನ್ನು ಅವರು ಪಾಲಿಸುತ್ತಾರೆ. ಅವಸರವೂ ಅಪಾಯ, ತಡವೂ ಅಪಾಯವಾಗಿರುವಲ್ಲಿ ಈ ಕ್ರಮಕ್ಕಿಂತ ಉತ್ತಮವಾದದ್ದನ್ನು ಯಾರೂ ಇನ್ನೂ ಕಂಡುಹಿಡಿದಿಲ್ಲ. ನೀರು ನಿಂತಿರುವಾಗಲೇ ಕೆರೆಯ ಏರಿಯ ಬಿಲ ಮುಚ್ಚುವಂಥ ಕೆಲಸವಿದು. ಪ್ಯಾಚ್ ಹಾಕಿದ ಮೇಲೆ ಸಾಮಾನ್ಯವಾಗಿ ಸರ್ವರನ್ನು ರೀಸ್ಟಾರ್ಟ್ ಮಾಡಬೇಕಾಗುತ್ತದೆ; ಹಾಗೆ ಮಾಡದೆಯೇ ಪ್ಯಾಚ್ ಹಾಕುವ ವಿಧಾನಗಳು ಲಿನಕ್ಸ್‌ನಲ್ಲೂ ವಿಂಡೋಸ್‌ನಲ್ಲೂ ಈಚೆಗೆ ಬಂದಿದ್ದರೂ ಎಲ್ಲ ಪ್ಯಾಚ್‌ಗಳಿಗೂ ಅವು ಒದಗುವುದಿಲ್ಲ.

ಕರ್ನಾಟಕದ ಮಟ್ಟಿಗೆ ಈ ಪ್ರಶ್ನೆಯ ತೂಕ ಹೆಚ್ಚಲು ಒಂದು ಐತಿಹಾಸಿಕ ಕಾರಣವಿದೆ. ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ಕೈಬರಹದ ಪಹಣಿಯನ್ನು ಕೈಬಿಟ್ಟ ಭೂಮಿ ಯೋಜನೆ 2001ರಲ್ಲಿ ಜಾರಿಗೆ ಬಂದಾಗ, ಆಯಾ ತಾಲ್ಲೂಕಿನ ದಾಖಲೆ ಆಯಾ ತಾಲ್ಲೂಕು ಕಚೇರಿಯ ಸರ್ವರ್‌ನಲ್ಲೇ ಇರುತ್ತಿತ್ತು. ಗುಬ್ಬಿಯ ಸರ್ವರ್ ಕೆಟ್ಟರೆ ಕುಣಿಗಲ್ಲಿನ ಕೆಲಸ ನಿಲ್ಲುತ್ತಿರಲಿಲ್ಲ. ಬಳಿಕ ದಾಖಲೆಗಳು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸೇರಿದವು. ಚದುರಿದ ಸರ್ವರ್‌ಗಳಿಗೆ ಒಂದೊಂದಾಗಿ ಪ್ಯಾಚ್ ಹಾಕುವುದಕ್ಕಿಂತ ಒಂದೇ ಕಡೆ, ಪರಿಣತರ ಕೈಯಲ್ಲಿ ಹಾಕಿಸುವುದು ಖಂಡಿತ ಮೇಲು. ಆದರೆ ಆ ಒಂದು ಕಡೆ ಎಡವಟ್ಟಾದರೆ ಇಡೀ ರಾಜ್ಯದ ಹೋಬಳಿಗಳಲ್ಲಿ ಒಟ್ಟಿಗೇ ಕೆಲಸ ನಿಲ್ಲುತ್ತದೆ.

ಒಂದೇ ಅಪ್‌ಡೇಟ್ ಎಷ್ಟು ದೂರ ಹರಡಬಲ್ಲದು ಎಂಬುದು 2024ರ ಜುಲೈ 19ರಂದು ಜಗತ್ತಿಗೇ ಗೊತ್ತಾಯಿತು. ಅಂದಿನದು ಮೈಕ್ರೋಸಾಫ್ಟ್‌ನ ತಿಂಗಳ ಪ್ಯಾಚ್ ಅಲ್ಲ, ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ಭಾರತೀಯ ಕಾಲಮಾನ ಬೆಳಿಗ್ಗೆ 9.39ಕ್ಕೆ ಕಳುಹಿಸಿದ ಚಿಕ್ಕದೊಂದು ಕಡತ. 78 ನಿಮಿಷಗಳಲ್ಲಿ ಅದನ್ನು ಹಿಂತೆಗೆದುಕೊಂಡರೂ, ಅಷ್ಟರಲ್ಲಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆಗೆ ಬಂದು ನಿಂತಿದ್ದವು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ವಿಮಾನಯಾನ ಸಂಸ್ಥೆಗಳು ಪ್ರಯಾಣಿಕರ ಚೆಕ್-ಇನ್ ಅನ್ನು ಕೈಯಿಂದಲೇ ನಡೆಸಬೇಕಾಯಿತು. ಹಂತಹಂತವಾಗಿ ಕೊಡದೆ ಎಲ್ಲರಿಗೂ ಒಮ್ಮೆಗೇ ಕೊಟ್ಟದ್ದು ಅಲ್ಲಿನ ದೊಡ್ಡ ತಪ್ಪು. ಹಾಗೆಂದು ಅಪ್‌ಡೇಟ್‌ಗಳನ್ನೇ ನಿಲ್ಲಿಸಿ ನಿಶ್ಚಿಂತೆಯಿಂದಿರುತ್ತೇವೆ ಎನ್ನುವ ಕಚೇರಿಗಳಿಗೆ ಇದು ಸಮರ್ಥನೆಯಾಗಲಾರದು, ಏಕೆಂದರೆ ಕೆಟ್ಟ ಪ್ಯಾಚ್‌ನಿಂದ ಹೋಗುವುದು ಒಂದೆರಡು ದಿನದ ಕೆಲಸ, ಹಾಕದ ಪ್ಯಾಚ್‌ನಿಂದ ದಾಖಲೆಗಳೇ ಹೋಗಬಹುದು.

ಸರ್ವರ್ ನಿಲ್ಲುವುದನ್ನು ಸಂಪೂರ್ಣ ತಪ್ಪಿಸುವುದು ಯಾವ ಇಲಾಖೆಗೂ ಸಾಧ್ಯವಿಲ್ಲ. ಅದನ್ನು ಜನರಿಗೆ ಹೇಳದಿರುವುದನ್ನು ಮಾತ್ರ ಖಂಡಿತ ತಪ್ಪಿಸಬಹುದು. ಲಾಭಕ್ಕಾಗಿ ದುಡಿಯುವ ಕಂಪನಿಯೊಂದು ತನ್ನ ಉತ್ಪನ್ನದ ದೋಷಗಳನ್ನು ದಿನಾಂಕದ ಸಮೇತ ಪ್ರಕಟಿಸಬಲ್ಲದಾದರೆ, ಜನರ ದುಡ್ಡಿನಿಂದ ನಡೆಯುವ ಸೇವೆಗಳೂ ಅದನ್ನು ಮಾಡಬೇಕು. ಎರಡನೇ ಮಂಗಳವಾರ ಯಾವಾಗ ಬರುತ್ತದೆ ಎಂಬುದು ವರ್ಷದ ಮೊದಲೇ ಗೊತ್ತಿರುವುದರಿಂದ, ಯಾವ ದಿನ ಎಷ್ಟು ಹೊತ್ತು ಸೇವೆ ನಿಲ್ಲಲಿದೆ, ಈಗ ನಿಂತಿದ್ದರೆ ಯಾವಾಗಿನಿಂದ, ಏನು ಕಾರಣ, ಯಾವಾಗ ಸರಿಹೋದೀತು ಎಂಬುದನ್ನು ಕನ್ನಡದಲ್ಲಿ ಬರೆದು ಪ್ರತಿ ನಾಡಕಚೇರಿಯ ಸೂಚನಾ ಫಲಕಕ್ಕೆ ಅಂಟಿಸುವ ಕೆಲಸವನ್ನು ಕಂದಾಯ ಇಲಾಖೆ ಬರುವ ತಿಂಗಳಿನಿಂದಲೇ ಆರಂಭಿಸಲಿ.