ನಿಲ್ಲದೆ ಬೆಳೆಯುವ ಹಲ್ಲುಗಳು: ಸಾಕು ಗಿನಿಪಿಗ್‌ಗಳ ದಂತ ಸಮಸ್ಯೆ ಮತ್ತು ಆರೈಕೆ

ಸಾಕು ಗಿನಿಪಿಗ್‌ಗಳನ್ನು ಪಶುವೈದ್ಯರ ಬಳಿಗೆ ಕರೆತರುವ ಕಾರಣಗಳಲ್ಲಿ ಹಲ್ಲಿನ ತೊಂದರೆ ಮುಖ್ಯವಾದದ್ದು. ಆದರೆ ಮನೆಯವರ ಕಣ್ಣಿಗೆ ಮೊದಲು ಬೀಳುವುದು ಹಲ್ಲಲ್ಲ. ಪ್ರಾಣಿ ಮೇವು ಬಿಟ್ಟಿರುವುದು, ಸೊರಗಿರುವುದು, ಅದರ ಗದ್ದ ಸದಾ ಒದ್ದೆಯಾಗಿರುವುದು ಮೊದಲು ಕಾಣುತ್ತದೆ. ತೊಂದರೆಯ ನೆಲೆ ಬಹುಮಟ್ಟಿಗೆ ಬಾಯಿಯ ಒಳಭಾಗದಲ್ಲಿ, ಹೊರಗಿನಿಂದ ಇಣುಕಿದರೂ ಕಾಣದ ದವಡೆಹಲ್ಲುಗಳಲ್ಲಿರುತ್ತದೆ. ಅದರ ಕಾರಣವಾದರೋ ಹೆಚ್ಚಿನ ಸಂದರ್ಭಗಳಲ್ಲಿ ಪ್ರಾಣಿಗೆ ದಿನವೂ ಹಾಕುವ ಆಹಾರದಲ್ಲಿರುತ್ತದೆ. ಒಮ್ಮೆ ಬಲಿತ ಮೇಲೆ ಪೂರ್ತಿ ವಾಸಿಯಾಗುವುದು ಅಪರೂಪವಾದ ಈ ಕಾಯಿಲೆಯನ್ನು ಬಾರದಂತೆ ನೋಡಿಕೊಳ್ಳುವುದು ಮತ್ತು ಬಂದರೆ ಬೇಗನೆ ಗುರುತಿಸುವುದು ಸಾಕುವವರ ಕೈಯಲ್ಲೇ ಇರುವುದರಿಂದ, ಈ ಪುಟ್ಟ ಪ್ರಾಣಿಯ ಬಾಯಿಯ ರಚನೆಯನ್ನು ಅರಿತುಕೊಳ್ಳುವುದು ಅವರಿಗೆ ಅಗತ್ಯವಾಗಿದೆ.

ಬಾಯಿಯ ರಚನೆ

ಗಿನಿಪಿಗ್ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ ಪ್ರದೇಶದಲ್ಲಿ ಸಾವಿರಾರು ವರ್ಷಗಳ ಹಿಂದೆಯೇ ಮಾಂಸಕ್ಕಾಗಿ ಪಳಗಿಸಲಾದ, ಇಲಿ ಮತ್ತು ಅಳಿಲುಗಳೂ ಸೇರಿರುವ ದಂಶಕ ಗಣದ ಸಸ್ಯಾಹಾರಿ ಪ್ರಾಣಿ. 16ನೇ ಶತಮಾನದಲ್ಲಿ ಯುರೋಪಿಗೆ ಬಂದು, ಅಲ್ಲಿಂದ ಜಗತ್ತಿನ ಇತರ ಕಡೆಗಳಿಗೆ ಸಾಕುಪ್ರಾಣಿಯಾಗಿ ಹರಡಿತು. ಇದರ ಕಾಡು ಬಂಧುಗಳು ಇಂದಿಗೂ ಒರಟಾದ ಹುಲ್ಲನ್ನು ಮೇಯುತ್ತಲೇ ದಿನದ ದೊಡ್ಡ ಭಾಗವನ್ನು ಕಳೆಯುತ್ತವೆ. ಇಂತಹ ಬದುಕಿಗೆ ತಕ್ಕಂತೆ ರೂಪುಗೊಂಡಿರುವ ಗಿನಿಪಿಗ್‌ನ ಬಾಯಿಯಲ್ಲಿ ಒಟ್ಟು 20 ಹಲ್ಲುಗಳಿವೆ: ಮುಂದೆ ಮೇಲೆರಡು ಕೆಳಗೆರಡು ಬಾಚಿಹಲ್ಲುಗಳು, ಹಿಂದೆ ಎರಡೂ ಬದಿಗಳಲ್ಲಿ ಮೇಲೆ ನಾಲ್ಕು ಮತ್ತು ಕೆಳಗೆ ನಾಲ್ಕರಂತೆ 16 ದವಡೆಹಲ್ಲುಗಳು. ಕೋರೆಹಲ್ಲುಗಳಿಲ್ಲ, ಬಾಚಿಹಲ್ಲಿಗೂ ದವಡೆಹಲ್ಲಿಗೂ ನಡುವೆ ಖಾಲಿ ಜಾಗವಿದೆ. ಹಾಲುಹಲ್ಲುಗಳು ತಾಯಿಯ ಗರ್ಭದಲ್ಲಿರುವಾಗಲೇ ಮರೆಯಾಗುವುದರಿಂದ, ಮರಿ ಹುಟ್ಟುವಾಗಲೇ ಶಾಶ್ವತ ಹಲ್ಲುಗಳನ್ನು ಪಡೆದಿರುತ್ತದೆ.

ಮನುಷ್ಯರ ಹಲ್ಲು ಒಂದು ಹಂತಕ್ಕೆ ಬೆಳೆದು ಬೇರು ಮುಚ್ಚಿಕೊಂಡು ನಿಲ್ಲುತ್ತದೆ. ಗಿನಿಪಿಗ್‌ನ ಇಪ್ಪತ್ತೂ ಹಲ್ಲುಗಳ ಬುಡ ಮಾತ್ರ ಜೀವಮಾನವಿಡೀ ತೆರೆದೇ ಇದ್ದು, ಅಲ್ಲಿಂದ ಹೊಸ ಹಲ್ಲು ನಿರಂತರವಾಗಿ ಮೇಲೇರುತ್ತಿರುತ್ತದೆ. ಇಲಿ, ಹ್ಯಾಮ್‌ಸ್ಟರ್‌ಗಳಲ್ಲಿ ಹೀಗೆ ಬೆಳೆಯುವುದು ಬಾಚಿಹಲ್ಲುಗಳಷ್ಟೇ. ಗಿನಿಪಿಗ್‌ನಲ್ಲಿ ದವಡೆಹಲ್ಲುಗಳೂ ಬೆಳೆಯುತ್ತವೆ ಎಂಬುದೇ ಅದರ ದಂತ ಸಮಸ್ಯೆಗಳ ಮೂಲ ಸೂತ್ರ. ಬೆಳೆದಷ್ಟೇ ಸವೆಯುತ್ತಿದ್ದರೆ ಹಲ್ಲಿನ ಉದ್ದ ಹದದಲ್ಲಿರುತ್ತದೆ. ಸವೆತ ಕಡಿಮೆಯಾದರೆ ಬೆಳವಣಿಗೆ ಮೇಲುಗೈ ಪಡೆಯುತ್ತದೆ.

ಈ ಸವೆತವನ್ನು ಉಂಟುಮಾಡುವುದು ಹುಲ್ಲು. ಹುಲ್ಲಿನ ಎಸಳಿನಲ್ಲಿ ಸಿಲಿಕಾ ಎಂಬ ಗಟ್ಟಿ ಖನಿಜದ ಸೂಕ್ಷ್ಮ ಕಣಗಳಿರುತ್ತವೆ. ಜೊತೆಗೆ ನಾರು ಹೆಚ್ಚಿರುವುದರಿಂದ ಅದನ್ನು ನುಂಗುವ ಮೊದಲು ಬಹಳ ಹೊತ್ತು ಅರೆಯಬೇಕಾಗುತ್ತದೆ. ಕೆಳದವಡೆ ಹಿಂದೆಮುಂದೆ ಜರುಗುತ್ತ ಮೇಲಿನ ಮತ್ತು ಕೆಳಗಿನ ಹಲ್ಲುಗಳು ಬೀಸುವ ಕಲ್ಲಿನ ಎರಡು ಹೋಳುಗಳಂತೆ ಒಂದನ್ನೊಂದು ಉಜ್ಜಿಕೊಳ್ಳುತ್ತವೆ. ಪೆಲೆಟ್ ಎಂದು ಕರೆಯುವ, ಅಂಗಡಿಯಲ್ಲಿ ಸಿಗುವ ಗುಳಿಗೆ ರೂಪದ ಆಹಾರವಾಗಲಿ, ಕ್ಯಾರೆಟ್, ಸೌತೆಕಾಯಿಗಳಾಗಲಿ ಬೇಗ ಪುಡಿಯಾಗಿ ಹೊಟ್ಟೆ ಸೇರುವುದರಿಂದ ಈ ಉಜ್ಜುವಿಕೆ ನಡೆಯುವುದೇ ಇಲ್ಲ. ಕಡಿಯಲೆಂದು ಇಡುವ ಮರದ ತುಂಡು ಮತ್ತು ಖನಿಜದ ಬಿಲ್ಲೆಗಳು ಕೂಡ ಬಾಚಿಹಲ್ಲನ್ನು ಮಾತ್ರ ಸವೆಸಬಲ್ಲವು. ದವಡೆಹಲ್ಲಿನ ತನಕ ಅವುಗಳ ಪ್ರಯೋಜನ ಮುಟ್ಟುವುದಿಲ್ಲ.

ತೊಂದರೆ ಬೆಳೆಯುವ ಬಗೆ

ಗಿನಿಪಿಗ್‌ನ ಕೆಳದವಡೆ ಮೇಲ್ದವಡೆಗಿಂತ ಅಗಲವಾಗಿದೆ. ಆದ್ದರಿಂದ ಕೆಳಗಿನ ದವಡೆಹಲ್ಲುಗಳು ನಾಲಿಗೆಯ ಕಡೆಗೂ ಮೇಲಿನವು ಕೆನ್ನೆಯ ಕಡೆಗೂ ವಾಲಿಕೊಂಡು, ಅರೆಯುವ ಮೇಲ್ಮೈ ಸುಮಾರು 30 ಡಿಗ್ರಿಯಷ್ಟು ಓರೆಯಾಗಿರುತ್ತದೆ. ಸವೆತ ಕಡಿಮೆಯಾದಾಗ ಈ ವಾಲುವಿಕೆಯ ದಿಕ್ಕಿನಲ್ಲೇ ಹಲ್ಲು ಬೆಳೆಯುತ್ತ ಹೋಗುತ್ತದೆ. ಕೆಳಗಿನ ಎರಡು ಬದಿಯ ಹಲ್ಲುಗಳು, ಮುಖ್ಯವಾಗಿ ಸಾಲಿನ ಮುಂದಿನವು, ಒಂದರತ್ತ ಒಂದು ಬಾಗುತ್ತ ಬಂದು ಕೊನೆಗೆ ನಾಲಿಗೆಯ ಮೇಲೆ ಕಮಾನು ಕಟ್ಟಿದಂತೆ ನಿಲ್ಲುತ್ತವೆ. ಕೆಳಗೆ ಸಿಕ್ಕಿಹಾಕಿಕೊಂಡ ನಾಲಿಗೆಗೆ ಆಹಾರವನ್ನು ಹಿಂದಕ್ಕೆ ತಳ್ಳಲಾಗುವುದಿಲ್ಲ. ಹಸಿವಿದ್ದರೂ, ಮುಂದೆ ಮೇವಿದ್ದರೂ ಪ್ರಾಣಿ ನುಂಗಲಾರದೆ ಉಳಿಯುತ್ತದೆ. ಮೇಲಿನ ಹಲ್ಲುಗಳ ಚೂಪಾದ ಅಂಚುಗಳು ಕೆನ್ನೆಯ ಒಳಭಾಗವನ್ನು ಕೊರೆದು ಹುಣ್ಣು ಮಾಡುತ್ತವೆ.

ಹಲ್ಲು ಬೆಳೆಯುವುದು ಬಾಯಿಯ ಕಡೆಗೆ ಮಾತ್ರವಲ್ಲ. ಎದುರಿನ ಹಲ್ಲು ತಡೆಯೊಡ್ಡಿದಾಗ ಅದರ ಬುಡ ದವಡೆಯ ಮೂಳೆಯೊಳಕ್ಕೇ ಇಳಿಯತೊಡಗುತ್ತದೆ. ಆಗ ಕೆಳದವಡೆಯ ಅಂಚಿನಲ್ಲಿ ಬೆರಳಿಗೆ ಗಂಟುಗಂಟಾಗಿ ತಗಲುತ್ತದೆ. ಮೇಲ್ದವಡೆಯಲ್ಲಾದರೆ ಕಣ್ಣಿನ ಗೂಡಿನ ಮೇಲೆ ಒತ್ತಡ ಬಿದ್ದು ಕಣ್ಣಲ್ಲಿ ನೀರು ಸುರಿಯಬಹುದು ಅಥವಾ ಕಣ್ಣುಗುಡ್ಡೆ ಮುಂದಕ್ಕೆ ಉಬ್ಬಬಹುದು. ಅಲ್ಲಿಗೆ ಸೋಂಕು ತಗುಲಿದರೆ ಕೀವು ತುಂಬಿದ ಗಂಟುಗಳಾಗಿ ಚಿಕಿತ್ಸೆ ಬಹಳ ಕಷ್ಟವಾಗುತ್ತದೆ.

ಬಾಚಿಹಲ್ಲು ಅತಿಯಾಗಿ ಉದ್ದವಾಗಿರುವುದು ಅಥವಾ ಓರೆಯಾಗಿ ಸವೆದಿರುವುದು ಹೊರಗೆ ಕಾಣುವ ಲಕ್ಷಣವಾದ್ದರಿಂದ ಅದನ್ನೇ ಕಾಯಿಲೆಯೆಂದು ತಿಳಿಯುವವರು ಬಹಳ. ಬಿದ್ದು ಪೆಟ್ಟಾಗಿ ಹಲ್ಲು ಮುರಿದ ಸಂದರ್ಭಗಳನ್ನು ಬಿಟ್ಟರೆ, ಗಿನಿಪಿಗ್‌ಗಳಲ್ಲಿ ಬಾಚಿಹಲ್ಲಿನ ವ್ಯತ್ಯಾಸ ಸಾಮಾನ್ಯವಾಗಿ ದವಡೆಹಲ್ಲಿನ ಕಾಯಿಲೆಯ ಪರಿಣಾಮವಾಗಿರುತ್ತದೆ. ಹಿಂದಿನ ಹಲ್ಲುಗಳು ಉದ್ದವಾದಾಗ ಬಾಯಿ ಪೂರ್ತಿ ಮುಚ್ಚದೆ, ಮುಂದಿನ ಹಲ್ಲುಗಳು ಸರಿಯಾಗಿ ಕೂಡದೆ ಬೆಳೆದುಬಿಡುತ್ತವೆ. ಒಳಗನ್ನು ಪರೀಕ್ಷಿಸದೆ ಮುಂದಿನದನ್ನಷ್ಟೇ ಕತ್ತರಿಸಿ ಕಳುಹಿಸಿದರೆ ಕಾಯಿಲೆ ಇದ್ದಲ್ಲೇ ಉಳಿಯುತ್ತದೆ.

ವಿಟಮಿನ್ ಸಿ ಕೊರತೆ

ಸವೆತದ ಕೊರತೆಯ ನಂತರದ ಪ್ರಬಲ ಕಾರಣ ವಿಟಮಿನ್ ಸಿ ಅಭಾವ. ನಾಯಿ, ಬೆಕ್ಕು, ಮೊಲಗಳು ಈ ಜೀವಸತ್ವವನ್ನು ತಮ್ಮ ದೇಹದಲ್ಲೇ ತಯಾರಿಸಿಕೊಳ್ಳುತ್ತವೆ. ಅದಕ್ಕೆ ಬೇಕಾದ ಒಂದು ಕಿಣ್ವ ಇಲ್ಲದಿರುವುದರಿಂದ ಮನುಷ್ಯರಂತೆ ಗಿನಿಪಿಗ್ ಕೂಡ ಅದನ್ನು ಆಹಾರದಿಂದಲೇ ಪಡೆಯಬೇಕು. ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೋಡರ್ ಫ್ರೋಲಿಕ್ 1907ರಲ್ಲಿ, ನಾವಿಕರನ್ನು ಕಾಡುತ್ತಿದ್ದ ಒಂದು ಕಾಯಿಲೆಯ ಅಧ್ಯಯನಕ್ಕಾಗಿ ಗಿನಿಪಿಗ್‌ಗಳಿಗೆ ಬರೀ ಧಾನ್ಯ ತಿನ್ನಿಸಿದಾಗ ಅವುಗಳಲ್ಲಿ ವಿಟಮಿನ್ ಸಿ ಕೊರತೆಯ ಕಾಯಿಲೆಯಾದ ಸ್ಕರ್ವಿ ಕಾಣಿಸಿಕೊಂಡಿತು. ಮುಂದೆ ವಿಟಮಿನ್ ಸಿ ಪತ್ತೆಯಾಗಲು ಈ ಪ್ರಯೋಗ ದಾರಿಮಾಡಿತು. ಹಲ್ಲನ್ನು ದವಡೆಯ ಗುಳಿಗೆ ಕಟ್ಟಿಹಿಡಿದಿರುವ ನಾರುಗಳು ಕೊಲಾಜೆನ್ ಎಂಬ ಪ್ರೋಟೀನಿನಿಂದಾದವು, ಕೊಲಾಜೆನ್ ಸರಿಯಾಗಿ ರೂಪುಗೊಳ್ಳಲು ವಿಟಮಿನ್ ಸಿ ಬೇಕು. ಅದು ಸಾಲದಾದಾಗ ಹಲ್ಲು ಸಡಿಲಗೊಂಡು ತನ್ನ ಸ್ಥಾನದಿಂದ ವಾಲುತ್ತದೆ, ವಸಡಿನಲ್ಲಿ ರಕ್ತ ಒಸರುತ್ತದೆ, ಕೀಲುಗಳು ನೋಯುತ್ತವೆ.

ಆರೋಗ್ಯವಂತ ಗಿನಿಪಿಗ್‌ಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗ್ರಾಂಗೆ 10ರಿಂದ 30 ಮಿಲಿಗ್ರಾಂ ವಿಟಮಿನ್ ಸಿ ಬೇಕೆಂಬುದು ಪಶುವೈದ್ಯರ ಸಾಮಾನ್ಯ ಸಲಹೆ. ಗರ್ಭ ಧರಿಸಿದ ಮತ್ತು ಕಾಯಿಲೆ ಬಿದ್ದ ಪ್ರಾಣಿಗಳಿಗೆ ಇನ್ನಷ್ಟು ಬೇಕಾಗುತ್ತದೆ. ಪೆಲೆಟ್‌ಗಳಲ್ಲಿ ಬೆರೆಸಿರುವ ವಿಟಮಿನ್ ಸಿ ತಯಾರಾದ ಕೆಲವು ತಿಂಗಳಲ್ಲೇ ಸತ್ವ ಕಳೆದುಕೊಳ್ಳುತ್ತದೆ. ಕುಡಿಯುವ ನೀರಿಗೆ ಹನಿ ಹಾಕುವ ರೂಢಿಯೂ ನೆಚ್ಚುವಂಥದ್ದಲ್ಲ: ನೀರಿನಲ್ಲಿ ಅದು ಬೇಗ ಕೆಡುತ್ತದೆ, ರುಚಿ ಬದಲಾದ ನೀರನ್ನು ಪ್ರಾಣಿ ಕುಡಿಯದೆಯೂ ಇರಬಹುದು. ದೊಣ್ಣೆಮೆಣಸಿನಕಾಯಿ, ಕೊತ್ತಂಬರಿ ಸೊಪ್ಪಿನಂತಹ ತಾಜಾ ಆಹಾರ, ಅಗತ್ಯವಿದ್ದರೆ ವೈದ್ಯರು ಹೇಳಿದ ಪ್ರಮಾಣದಲ್ಲಿ ನೇರವಾಗಿ ಬಾಯಿಗೆ ಕೊಡುವ ಔಷಧಿ ಇವೇ ನಂಬತಕ್ಕವು.

ಗುರುತಿಸುವುದು ಹೇಗೆ

ಬೇಟೆಗೆ ಬಲಿಯಾಗುವ ಪ್ರಾಣಿಗಳ ಸ್ವಭಾವದಂತೆ ಗಿನಿಪಿಗ್ ತನ್ನ ನೋವನ್ನು ಆದಷ್ಟೂ ಹೊರಗೆ ತೋರಿಸುವುದಿಲ್ಲ. ಆದ್ದರಿಂದ ಅದು ತಿನ್ನುವ ಬಗೆಯನ್ನು ಹತ್ತಿರದಿಂದ ಗಮನಿಸಬೇಕು. ಹಲ್ಲು ನೋಯುತ್ತಿರುವ ಪ್ರಾಣಿ ಮೇವು ಹಾಕಿದ ಸದ್ದಿಗೆ ಎಂದಿನಂತೆ ಓಡಿಬಂದು ಎಸಳೊಂದನ್ನು ಕಚ್ಚಿಕೊಳ್ಳುತ್ತದೆ, ತಲೆಯನ್ನು ಒಂದು ಬದಿಗೆ ವಾಲಿಸಿ ಬಾಯಲ್ಲಿ ಅತ್ತಿತ್ತ ಹೊರಳಿಸುತ್ತದೆ, ಕೊನೆಗೆ ಅರೆಬರೆ ಅಗಿದದ್ದನ್ನು ಕೆಳಗೆ ಬೀಳಿಸಿ ಇನ್ನೊಂದಕ್ಕೆ ಬಾಯಿ ಹಾಕುತ್ತದೆ. ಮೊದಲು ಬಿಡುವುದು ಒಣಹುಲ್ಲನ್ನು, ಆಮೇಲೆ ಪೆಲೆಟ್. ಮೆತ್ತನೆಯ ತರಕಾರಿಯನ್ನು ಮಾತ್ರ ಇನ್ನೂ ಕೆಲವು ದಿನ ತಿನ್ನುತ್ತಿರುವುದರಿಂದ ಎಲ್ಲವೂ ಸರಿಯಾಗಿದೆ ಎಂಬ ಭ್ರಮೆ ಮನೆಯವರಿಗೆ ಉಂಟಾಗುತ್ತದೆ. ಜೊಲ್ಲು ಸುರಿದು ಗದ್ದ ಮತ್ತು ಕತ್ತಿನ ಕೂದಲು ಅಂಟಂಟಾಗುವುದು, ಹಿಕ್ಕೆಗಳು ಸಣ್ಣದಾಗಿ ಸಂಖ್ಯೆಯಲ್ಲೂ ಇಳಿಯುವುದು ಮುಂದಿನ ಸೂಚನೆಗಳು.

ಇವೆಲ್ಲಕ್ಕಿಂತ ಮೊದಲೇ ಎಚ್ಚರಿಸುವ ಸಾಧನ ತಕ್ಕಡಿ. ಬೆಳೆದ ಗಿನಿಪಿಗ್ ಸಾಮಾನ್ಯವಾಗಿ 700ರಿಂದ 1200 ಗ್ರಾಂ ತೂಗುತ್ತದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಒಂದು ಡಬ್ಬಿಯಿಟ್ಟು, ಅದರ ತೂಕವನ್ನು ಕಳೆದು, ವಾರಕ್ಕೊಮ್ಮೆ ಒಂದೇ ಹೊತ್ತಿಗೆ ಪ್ರಾಣಿಯನ್ನು ತೂಗಿ ಬರೆದಿಟ್ಟರೆ ಸಾಕು. 1000 ಗ್ರಾಂ ಇದ್ದದ್ದು ಕೆಲವೇ ವಾರಗಳಲ್ಲಿ 900ಕ್ಕೆ ಇಳಿದರೆ, ಅಂದರೆ ಹತ್ತನೇ ಒಂದು ಪಾಲು ಕರಗಿದರೆ, ತಡಮಾಡದೆ ವೈದ್ಯರನ್ನು ಕಾಣಬೇಕು. ದಟ್ಟ ಕೂದಲಿನ ಮರೆಯಲ್ಲಿ ಕಣ್ಣಿಗೆ ಕಾಣದ ಸೊರಗುವಿಕೆ ಅಂಕಿಯಲ್ಲಿ ಕಾಣುತ್ತದೆ.

ಚಿಕಿತ್ಸೆ

ಗಿನಿಪಿಗ್ ಆಹಾರವನ್ನು ಪೂರ್ತಿ ಬಿಟ್ಟರೆ ಒಂದೇ ದಿನದಲ್ಲಿ ಪರಿಸ್ಥಿತಿ ಗಂಭೀರವಾಗುತ್ತದೆ. ಅದರ ದೊಡ್ಡ ಕರುಳಿನ ಆರಂಭದಲ್ಲಿರುವ ಸೀಕಮ್ ಎಂಬ ದೊಡ್ಡ ಚೀಲದಲ್ಲಿ ಸೂಕ್ಷ್ಮಜೀವಿಗಳು ನಾರನ್ನು ಹುದುಗಿಸಿ ಜೀರ್ಣಿಸುತ್ತವೆ. ಮೇವು ಬರುವುದು ನಿಂತರೆ ಕರುಳಿನ ಚಲನೆಯೂ ಕುಂಠಿತವಾಗುತ್ತದೆ. ಹಾಗಾಗಿ ಹಲ್ಲಿನ ಚಿಕಿತ್ಸೆಯಷ್ಟೇ ಮುಖ್ಯವಾದುದು ಹೊಟ್ಟೆಗೆ ಆಹಾರ ಹೋಗುವಂತೆ ನೋಡಿಕೊಳ್ಳುವುದು. ನೀರಿನಲ್ಲಿ ನೆನೆಸಿ ನುಣ್ಣಗೆ ಕಲಸಿದ ಪೆಲೆಟ್ ಅಥವಾ ಇದಕ್ಕೆಂದೇ ಸಿಗುವ ನಾರಿನ ಪುಡಿಯನ್ನು ಸೂಜಿಯಿಲ್ಲದ ಸಿರಿಂಜಿನಲ್ಲಿ ತುಂಬಿ, ಬಾಚಿಹಲ್ಲಿನ ಹಿಂದಿನ ಖಾಲಿ ಜಾಗದಿಂದ ಬಾಯಿಯ ಪಕ್ಕಕ್ಕೆ ತೂರಿಸಿ, ಸ್ವಲ್ಪಸ್ವಲ್ಪವೇ ಕೊಟ್ಟು ನುಂಗಿದ್ದನ್ನು ಖಚಿತಪಡಿಸಿಕೊಂಡು ಮುಂದುವರಿಯಬೇಕು. ಪ್ರಾಣಿಯನ್ನು ಬೆನ್ನ ಮೇಲೆ ಮಲಗಿಸಬಾರದು. ಆಹಾರ ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ.

ಗಿನಿಪಿಗ್‌ನ ಬಾಯಿ ಕಿರಿದು, ಕೆನ್ನೆಯ ಮಡಿಕೆಗಳು ಒಳಮುಖವಾಗಿ ಚಾಚಿರುವುದರಿಂದ ಎಚ್ಚರವಿರುವಾಗ ಪೂರ್ತಿ ಪರೀಕ್ಷೆ ಸಾಧ್ಯವಾಗುವುದಿಲ್ಲ. ಅರಿವಳಿಕೆ ಕೊಟ್ಟು, ಬಾಯಿಯನ್ನು ಸಣ್ಣ ಉಪಕರಣಗಳಿಂದ ತೆರೆದಿಟ್ಟು ನೋಡಬೇಕು. ಹಲ್ಲಿನ ಬುಡದ ಸ್ಥಿತಿ ತಿಳಿಯಲು ಎಕ್ಸ್-ರೇ ಅನಿವಾರ್ಯ. ನಾಯಿಗಳಿಗಾಗುವಂತೆ ಗಿನಿಪಿಗ್‌ಗೆ ವಾಂತಿಯಾಗುವುದಿಲ್ಲವಾದ್ದರಿಂದ, ಅರಿವಳಿಕೆಗೆ ಮುನ್ನ ರಾತ್ರಿಯಿಡೀ ಉಪವಾಸ ಕೆಡವುವ ಅಗತ್ಯವಿಲ್ಲ. ಹಾಗೆ ಕೆಡವುವುದು ಹಾನಿಕರವೂ ಹೌದು. ಅತಿಯಾಗಿ ಬೆಳೆದ ಭಾಗವನ್ನು ತಿರುಗುವ ಸಣ್ಣ ಅರದಿಂದ ಉಜ್ಜಿ ತೆಗೆಯಲಾಗುತ್ತದೆ. ಉಗುರು ಕತ್ತರಿಸುವ ಸಾಧನದಿಂದ ಮನೆಯಲ್ಲೇ ಹಲ್ಲು ತುಂಡರಿಸುವ ಸಾಹಸಕ್ಕೆ ಯಾರೂ ಕೈಹಾಕಬಾರದು. ಹಲ್ಲು ಉದ್ದಕ್ಕೆ ಸೀಳಿ, ಒಳಗಿನ ನರವಿರುವ ತಿರುಳು ತೆರೆದುಕೊಂಡು, ಸೋಂಕಿಗೆ ದಾರಿಯಾಗುತ್ತದೆ.

ಔಷಧಿಯ ವಿಷಯದಲ್ಲಿ ಒಂದು ಎಚ್ಚರಿಕೆ ಪ್ರಾಣ ಉಳಿಸಬಲ್ಲದು. ಪೆನಿಸಿಲಿನ್, ಅಮಾಕ್ಸಿಸಿಲಿನ್, ಕ್ಲಿಂಡಮೈಸಿನ್‌ನಂತಹ, ಮನುಷ್ಯರಿಗೂ ನಾಯಿಗಳಿಗೂ ದಿನನಿತ್ಯ ಕೊಡುವ ಆಂಟಿಬಯೋಟಿಕ್‌ಗಳನ್ನು ಗಿನಿಪಿಗ್‌ಗೆ ಬಾಯಿಯ ಮೂಲಕ ಕೊಟ್ಟರೆ ಕರುಳಿನ ಉಪಯುಕ್ತ ಸೂಕ್ಷ್ಮಜೀವಿಗಳು ನಾಶವಾಗಿ, ವಿಷ ಸೂಸುವ ಬ್ಯಾಕ್ಟೀರಿಯಾಗಳು ಹೆಚ್ಚಿ, ಪ್ರಾಣಿ ಸಾಯಬಹುದು. ಮನೆಯಲ್ಲಿ ಉಳಿದ ಮಾತ್ರೆಯನ್ನು ಪುಡಿಮಾಡಿ ಕೊಡುವುದು ಖಂಡಿತ ಸಲ್ಲದು. ನೋವುನಿವಾರಕವನ್ನು ಸಹ ಗಿನಿಪಿಗ್‌ಗಳ ಚಿಕಿತ್ಸೆಯಲ್ಲಿ ಅನುಭವವಿರುವ ವೈದ್ಯರೇ ನಿಗದಿಪಡಿಸಬೇಕು.

ದಿನನಿತ್ಯದ ಮೇವು

ಗಿನಿಪಿಗ್‌ನ ಆಹಾರದ ಬಹುಪಾಲು ಹುಲ್ಲಾಗಿರಬೇಕು, ಅದು ಹಗಲೂ ರಾತ್ರಿ ಎಟುಕುವಂತಿರಬೇಕು. ಟಿಮೊಥಿ ಹುಲ್ಲು ಮತ್ತು ಓಟ್ಸ್ ಹುಲ್ಲು ಒಣಗಿಸಿದ ರೂಪದಲ್ಲಿ ಸಾಕುಪ್ರಾಣಿಗಳ ಅಂಗಡಿಗಳಲ್ಲಿ ಸಿಗುತ್ತವೆ. ಕರ್ನಾಟಕದ ಊರುಗಳಲ್ಲಿ ಗರಿಕೆಯಂತಹ ಹಸಿಹುಲ್ಲನ್ನೂ ತಂದು ಹಾಕಬಹುದು, ಆದರೆ ಕೀಟನಾಶಕ ಸಿಂಪಡಿಸಿದ ಜಾಗದಿಂದ, ವಾಹನ ಓಡಾಡುವ ರಸ್ತೆಯಂಚಿನಿಂದ ಕಿತ್ತ ಹುಲ್ಲು ಬೇಡ. ಕುದುರೆಮೆಂತ್ಯದಲ್ಲಿ ಸುಣ್ಣದಂಶ ಹೆಚ್ಚಿದ್ದು ಮೂತ್ರಕೋಶದಲ್ಲಿ ಕಲ್ಲಾಗುವ ಸಂಭವವಿರುವುದರಿಂದ ಅದು ಬೆಳೆಯುವ ಮರಿಗಳಿಗೂ ಗರ್ಭಿಣಿ ಪ್ರಾಣಿಗಳಿಗೂ ಮಾತ್ರ ಸೂಕ್ತ. ಪೆಲೆಟ್ ದಿನಕ್ಕೆ ಒಂದೆರಡು ದೊಡ್ಡ ಚಮಚೆಯಷ್ಟಿರಲಿ, ಹಣ್ಣು ಅಪರೂಪಕ್ಕಿರಲಿ. ಪೆಲೆಟ್‌ಗೇ ಒಗ್ಗಿಹೋದ ಪ್ರಾಣಿಯನ್ನು ಒಮ್ಮೆಲೇ ಬದಲಿಸದೆ, ವಾರಗಟ್ಟಲೆ ಕ್ರಮೇಣ ಹುಲ್ಲಿನ ಕಡೆಗೆ ತರಬೇಕು.

ಕಾಯಿಲೆ ಬಲಿತ ಪ್ರಾಣಿಗಳಲ್ಲಿ ಕೆಲವು ವಾರಗಳಿಗೊಮ್ಮೆ ಹಲ್ಲು ಉಜ್ಜಿಸುವ ಕೆಲಸ ಆಯುಷ್ಯದುದ್ದಕ್ಕೂ ಮುಂದುವರಿಯಬಹುದು. ಪ್ರತಿ ಸಲವೂ ಅರಿವಳಿಕೆಯ ಅಪಾಯ ಮತ್ತು ಖರ್ಚು ಇದ್ದೇ ಇರುತ್ತವೆ. ಬೇರು ಕಣ್ಣಿನ ಗೂಡಿನವರೆಗೆ ಬೆಳೆದು, ನೋವು ಹತೋಟಿಗೆ ಬಾರದಿದ್ದಾಗ ದಯಾಮರಣವೇ ಪ್ರಾಣಿಗೆ ಹಿತವೆಂದು ವೈದ್ಯರು ಹೇಳುವ ಸನ್ನಿವೇಶವೂ ಬರಬಹುದು. ಗಿನಿಪಿಗ್ ಐದರಿಂದ ಎಂಟು ವರ್ಷ ಬದುಕಬಲ್ಲ ಪ್ರಾಣಿ. ಮಕ್ಕಳ ಆಸೆಗೆಂದು ಅದನ್ನು ಮನೆಗೆ ತರುವವರು ಗೂಡು ಮತ್ತು ಪೆಲೆಟ್ ಚೀಲವನ್ನು ಕೊಳ್ಳುವ ಮೊದಲು ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳುವುದು ಒಳಿತು: ವರ್ಷವಿಡೀ ಒಳ್ಳೆಯ ಹುಲ್ಲು ಎಲ್ಲಿಂದ ಬರುತ್ತದೆ, ಇಂತಹ ಪ್ರಾಣಿಗಳನ್ನು ನೋಡುವ ಪಶುವೈದ್ಯರು ಹತ್ತಿರದಲ್ಲಿ ಯಾರಿದ್ದಾರೆ. ಈ ಎರಡಕ್ಕೂ ಉತ್ತರ ಸಿಕ್ಕಿ, ವಾರಕ್ಕೊಮ್ಮೆ ತೂಕ ಬರೆದಿಡುವ ಶಿಸ್ತೂ ಸೇರಿದರೆ, ಮೇಲೆ ಹೇಳಿದ ನೋವುಗಳಲ್ಲಿ ಹೆಚ್ಚಿನವನ್ನು ಆ ಪ್ರಾಣಿ ಅನುಭವಿಸಬೇಕಾಗಿ ಬರುವುದಿಲ್ಲ.